ರಾಹುಕಾಲದಲ್ಲಿ ತೆರೆದ ಮೇಲ್

"ಸಾರ್ ಹನ್ನೆರಡು ಗಂಟೆವರೆಗೂ ಹೊಸಬರನ್ನ ನೋಡಲ್ಲ ಮೇಡಂ. ರಾಹುಕಾಲ," ಎಂದರು ಕಚೇರಿಯ ಸಹಾಯಕಿ ಶಾಂತಾದೇವಿ.

ಇದು ಮೂರನೆಯ ಸಲ. ದನಿಯಲ್ಲಿ ಬೇಸರವೂ ಇಲ್ಲ, ಸಂಕೋಚವೂ ಇಲ್ಲ. ಇವತ್ತು ನೀರು ಬರಲ್ಲ ಎಂದು ಪಕ್ಕದ ಮನೆಯವರಿಗೆ ಹೇಳುವಷ್ಟು ಸಲೀಸಾಗಿ ಹೇಳಿದರು. ನನಗಂತೂ ಗೋಡೆಯ ಗಡಿಯಾರವನ್ನೇ ಕಿತ್ತು ಬಿಸಾಡೋಣ ಎನ್ನಿಸಿತು.

ಶುಕ್ರವಾರ ಬೆಳಿಗ್ಗೆ. ಜೆ.ಪಿ. ನಗರದ ಮೇರುಶೃಂಗ ಎಲಿವೇಟರ್ಸ್ ಕಚೇರಿ. ಮಧ್ಯಾಹ್ನ ಊಟದ ಬಿಡುವು ಮುಗಿಸಿ ನ್ಯಾಯಾಧೀಶರು ಮತ್ತೆ ಕೂತ ಕೂಡಲೇ ಸಮನ್ವಿತಾಳ ಜಾಮೀನು ಅರ್ಜಿ ಬರುತ್ತದೆ. ಅಷ್ಟರೊಳಗೆ ನಾನು ಸಾಬೀತು ಮಾಡಬೇಕಾಗಿದ್ದದ್ದು ಒಂದೇ ಸಂಗತಿ. ಅವಳು ಕಳಿಸಿದ ಮೇಲ್ ಅನ್ನು ಮಾಲೀಕ ಗುರುಬಸಪ್ಪ ಓದಿದ್ದರು ಎಂಬುದು.

ಬನಶಂಕರಿಯ ಅಪಾರ್ಟ್‌ಮೆಂಟಿನ ಹೊಸ ಲಿಫ್ಟಿನ ಬ್ರೇಕ್ ಹಿಡಿಯುತ್ತಿಲ್ಲ, ಓಡಿಸಬೇಡಿ ಎಂದು ಕಂಪನಿಯ ಎಂಜಿನಿಯರ್ ಸಮನ್ವಿತಾ ಎರಡು ವಾರದ ಹಿಂದೆ ಮಂಗಳವಾರ ಬರೆದಿದ್ದಳು. ಬುಧವಾರ ಲಿಫ್ಟಿಗೆ ಪೂಜೆಯಾಯಿತು. ಗುರುವಾರ ಮೂರನೇ ಮಹಡಿಯ ಸಂಜೀವಯ್ಯನವರನ್ನು ಹೊತ್ತ ಲಿಫ್ಟ್ ಜಾರಿ ಗುಂಡಿಗೆ ಬಿತ್ತು, ಅವರು ಉಳಿಯಲಿಲ್ಲ. ತನಗೆ ಯಾರೂ ಏನೂ ಹೇಳಿರಲಿಲ್ಲ ಎಂದರು ಗುರುಬಸಪ್ಪ. ಲಿಫ್ಟನ್ನು ಪರೀಕ್ಷಿಸಬೇಕಾದವಳು ಸಮನ್ವಿತಾ. ಪೊಲೀಸರು ಅವಳನ್ನೇ ಕರೆದುಕೊಂಡು ಹೋದರು.

ಮೇಲ್ ತೆರೆದದ್ದಕ್ಕೆ ದಾಖಲೆ ಇಲ್ಲದಿಲ್ಲ. ಮಂಗಳವಾರ ಮೂರೂ ಇಪ್ಪತ್ತಕ್ಕೆ, ಗುರುಬಸಪ್ಪನವರ ಕಂಪ್ಯೂಟರಿನಲ್ಲೇ ಅದನ್ನು ತೆರೆಯಲಾಗಿದೆ. ಅದು ಕೈಗೆ ಸಿಕ್ಕ ದಿನ ನಾನೂ ನಮ್ಮ ವಕೀಲೆ ಸುರಭಿಯೂ ಗೆದ್ದೆವು ಅಂತಲೇ ಕಾಫಿ ಕುಡಿದೆವು.

ಮಾರನೆಯ ದಿನ ಕಂಪನಿಯ ವಕೀಲರು ಪಂಚಾಂಗ ತಂದರು.

ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ. ಆ ಹೊತ್ತಿನಲ್ಲಿ ಸಾಹೇಬರು ಹೊಸದೇನನ್ನೂ ಮುಟ್ಟುವುದಿಲ್ಲ, ಹೊಸ ಮೇಲ್ ಕೂಡ ತೆರೆಯುವುದಿಲ್ಲ ಎಂದು ಇಡೀ ಕಚೇರಿ ಸಹಿ ಹಾಕಿ ಕೊಟ್ಟಿತ್ತು. ಹಾಗಾದರೆ ತೆರೆದವರು ಯಾರು? ಆ ಮಧ್ಯಾಹ್ನ ಯಾವುದೋ ಡ್ರಾಯಿಂಗ್ ತೆಗೆದುಕೊಳ್ಳಲು ಅವರ ಕೋಣೆಗೆ ಹೋಗಿ ಬಂದವಳು ಸಮನ್ವಿತಾ. ಮುಂದೆ ತಲೆ ತಪ್ಪಿಸಿಕೊಳ್ಳಲು ತನ್ನ ಮೇಲನ್ನು ತಾನೇ ತೆರೆದಿಟ್ಟಳು ಎಂಬುದು ಅವರ ವಾದ. ನಾವು ಕಷ್ಟಪಟ್ಟು ತಂದ ಪುರಾವೆ ನಮ್ಮ ಹುಡುಗಿಯ ಕೊರಳಿಗೇ ಸುತ್ತಿಕೊಂಡಿತು.

ನೆನ್ನೆ ಜೈಲಿಗೆ ಅವಳನ್ನು ನೋಡಲು ಹೋಗಿದ್ದೆ. ಮಗುವಿಗೆ ಇನ್ನೂ ವರ್ಷ ತುಂಬಿಲ್ಲ, ಹಾಲು ಬಿಡಿಸಿಲ್ಲ. ಎದೆಯ ಮೇಲೆ ಶಾಲು ಎಳೆದುಕೊಂಡು ಕೂತಿದ್ದಳು. ಪ್ರಕರಣದ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಪಾಪು ರಾತ್ರಿ ಮಲಗ್ತಾ ಆಂಟಿ?" ಎಂದು ಮಾತ್ರ ಕೇಳಿದಳು.

ಅಷ್ಟು ದೊಡ್ಡ ಅಪಾಯ ಎಂದು ಗೊತ್ತಿದ್ದೂ ಬುಧವಾರ ನೀನೇ ಹೋಗಿ ಯಾಕೆ ನೋಡಲಿಲ್ಲ ಎಂದು ಕೇಳಿದೆ. ಲಿಫ್ಟ್ ಆಫ್ ಆಗಿದೆ, ಬರೀ ಪೂಜೆ ಮಾಡ್ತಾರೆ ಅಂದುಕೊಂಡಿದ್ದೆ ಎಂದಳು. ಆಫ್ ಆಗಿದೆ ಎಂದು ಯಾರು ಹೇಳಿದರು ಎಂದರೆ ತಲೆ ತಗ್ಗಿಸಿದಳು. ಈ ಪ್ರಶ್ನೆಗೆ ಅವಳು ಯಾವತ್ತೂ ಉತ್ತರ ಕೊಟ್ಟಿಲ್ಲ. ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು.

ಕಚೇರಿಯ ಕಿಟಕಿಯಿಂದ ಬಗ್ಗಿ ನೋಡಿದೆ. ರಸ್ತೆಯಾಚೆ ಎಳನೀರಿನ ಗಾಡಿಯ ನೆರಳಲ್ಲಿ ಅವಳ ಗಂಡ ಚಿರಂತ್ ನಿಂತಿದ್ದ. ಮಗುವನ್ನು ಎದೆಗೆ ಕಟ್ಟಿಕೊಂಡು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ತೂಗುತ್ತಿದ್ದ. ಅವನೂ ಇದೇ ಕಂಪನಿಯಲ್ಲಿ ಸೈಟ್ ಸೂಪರ್‌ವೈಸರ್. ಹೆಂಡತಿಯನ್ನು ಹಿಡಿದೊಯ್ದ ದಿನದಿಂದ ಕೆಲಸಕ್ಕೆ ಬಂದಿಲ್ಲ. ನನ್ನನ್ನು ಹುಡುಕಿಕೊಂಡು ಜಯನಗರದ ನನ್ನ ಆಫೀಸಿಗೆ ಬಂದವನೂ ಅವನೇ. ಸಾರ್ ಓದಿದ್ದಾರೆ, ನೂರಕ್ಕೆ ನೂರು ಓದಿದ್ದಾರೆ, ಅದೊಂದನ್ನ ಸಾಬೀತು ಮಾಡಿಕೊಡಿ ಸಾಕು ಎಂದು ನನ್ನ ಮೇಜಿನ ಮುಂದೆ ಅತ್ತಿದ್ದ.

ಬ್ಯಾಂಕಿನ ತಪಾಸಣೆ ವಿಭಾಗದಲ್ಲಿ ಅರ್ಧ ಆಯುಷ್ಯ ಕಳೆದು, ಸ್ವಯಂನಿವೃತ್ತಿ ತೆಗೆದುಕೊಂಡು ಈ ಪತ್ತೇದಾರಿ ಬೋರ್ಡು ತೂಗುಹಾಕಿದವಳು ನಾನು, ಚೂಡಾಮಣಿ. ಸುಳ್ಳು ಹೇಳುವವರ ಕಣ್ಣೀರು ನನಗೆ ಚೆನ್ನಾಗಿ ಗೊತ್ತು. ಅವನದು ನಿಜವಾದ ಕಣ್ಣೀರು. ಅದಕ್ಕೇ ಒಪ್ಪಿಕೊಂಡೆ.

ನೆನ್ನೆ ಗುರುಬಸಪ್ಪ ನನ್ನ ಫೋನನ್ನು ಅರ್ಧಕ್ಕೇ ಕಟ್ ಮಾಡಿದ್ದರು. ಈಗ ಇಲ್ಲಿ, ರಾಹು ಸಾಹೇಬರ ದಯೆಗೆ ಕಾಯುತ್ತ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ.

ಗ್ರಾನೈಟ್ ವ್ಯಾಪಾರಿಯೊಬ್ಬರು ಫೋನಿನಲ್ಲಿ ಮಾತಾಡುತ್ತ ವರಾಂಡದಿಂದ ಬಂದರು. ಫೋನ್ ಜೇಬಿಗಿಟ್ಟು ನನ್ನ ಕಣ್ಣೆದುರೇ ಗುರುಬಸಪ್ಪನವರ ಬಾಗಿಲು ತಳ್ಳಿ ಒಳಗೆ ಹೋದರು. ಯಾರೂ ತಡೆಯಲಿಲ್ಲ.

ನನ್ನ ತಾಳ್ಮೆ ಕೆಟ್ಟಿತು. ಎದ್ದು ಶಾಂತಾದೇವಿಯವರ ಮೇಜಿಗೆ ಹೋಗಿ, ಅವರಿಗೇನು ರಾಹು ಹಿಡಿಯಲ್ಲವಾ ಎಂದು ಕೇಳಿದೆ.

"ಅವರದು ಹತ್ತು ಗಂಟೆಗೇ ಶುರುವಾಗಿತ್ತಲ್ಲ ಮೇಡಂ. ಫೋನ್ ಬಂತು ಅಂತ ಮಧ್ಯದಲ್ಲಿ ಎದ್ದು ಬಂದಿದ್ರು. ಮುಂದುವರಿದ ಕೆಲಸಕ್ಕೆ ದೋಷ ಇಲ್ಲ."

ನನಗೆ ನಗು ಬಂತು. ನಮ್ಮಮ್ಮ ಕಾಶಿಗೆ ಹೊರಟಾಗ ಹೀಗೇ ಮಾಡಿದ್ದಳು. ರೈಲಿನ ಹೊತ್ತು ಸರಿಯಿಲ್ಲವೆಂದು ಹಿಂದಿನ ದಿನವೇ ಒಳ್ಳೆಯ ಗಳಿಗೆ ನೋಡಿ, ಎರಡು ಸೀರೆಯ ಗಂಟು ಕಟ್ಟಿ ಪಕ್ಕದ ಮನೆಯಲ್ಲಿಟ್ಟು ಬಂದಳು. ಪ್ರಸ್ಥಾನ ಇಡುವುದು ಎನ್ನುತ್ತಿದ್ದರು. ಗಂಟು ಹೊಸ್ತಿಲು ದಾಟಿತು ಎಂದರೆ ಪ್ರಯಾಣ ಶುರುವಾಯಿತು ಎಂದೇ ಲೆಕ್ಕ, ಆಮೇಲೆ ಯಾವ ಹೊತ್ತಿನಲ್ಲಿ ಹೊರಟರೂ ಚಿಂತೆಯಿಲ್ಲ. ನಮ್ಮ ಜನ ದೇವರ ಹತ್ತಿರವೂ ಸಂದು ಹುಡುಕುವವರು.

ಅಷ್ಟರಲ್ಲಿ ಏನೋ ಹೊಳೆದು ಶಾಂತಾದೇವಿಯವರ ಮೇಜಿನ ಮೇಲೆ ಬಾಗಿದೆ.

"ರಾಹುಕಾಲದಲ್ಲಿ ಅರ್ಜೆಂಟಾಗಿ ಸಾರ್‌ಗೆ ಮೇಲ್ ಕಳಿಸಬೇಕು ಅಂದ್ರೆ ಏನ್ ಮಾಡ್ತೀರ?"

"ಹೊಸ ಮೇಲ್ ಕಳಿಸಲ್ಲ. ಯಾವುದಾದ್ರೂ ಹಳೇ ಮೇಲ್ ಕೆಳಗೇ ಬರೆದು ಕಳಿಸ್ತೀವಿ. ಅದಾದ್ರೆ ನೋಡ್ತಾರೆ," ಎಂದರು ಆಕೆ, ಇದನ್ನೂ ಕೇಳಬೇಕೇ ಎನ್ನುವಂತೆ.

ಚೀಲದಿಂದ ಸಮನ್ವಿತಾಳ ಮೇಲ್‌ನ ಪ್ರತಿ ತೆಗೆದೆ.

ಅದರ ತಲೆಬರಹ 'ಲಿಫ್ಟ್ ಪೂಜೆಗೆ ಪುರೋಹಿತರು'. ಇದನ್ನು ನೋಡಿ ಇನ್‌ಸ್ಪೆಕ್ಟರ್ ನಕ್ಕಿದ್ದರು. ಜೀವ ಹೋಗುವ ವಿಷಯವನ್ನು ಯಾರಾದರೂ ಪುರೋಹಿತರ ಹೆಸರಿನ ಕೆಳಗೆ ಬರೆಯುತ್ತಾರಾ, ಇವಳಿಗೇ ಅದು ಮುಖ್ಯ ಅನ್ನಿಸಿರಲಿಲ್ಲ ಎಂದಿದ್ದರು. ನನಗೂ ಒಳಗೊಳಗೆ ಹಾಗೇ ಅನ್ನಿಸಿ ಆ ಹುಡುಗಿಯ ಮೇಲೆ ರೇಗಿತ್ತು. ಆದರೆ ಅವಳು ಮೈಮರೆತು ಹಾಗೆ ಮಾಡಿರಲಿಲ್ಲ. ಬೆಳಿಗ್ಗೆ ಪೂಜೆಯ ಬಗ್ಗೆ ಶುರುವಾಗಿದ್ದ ಮೇಲ್ ಅನ್ನೇ ಹುಡುಕಿ ಅದರ ಕೆಳಗೆ ಬರೆದಿದ್ದಳು, ರಾಹುಕಾಲದಲ್ಲೂ ಸಾರ್ ಓದಲಿ ಎಂದು. ಇದನ್ನು ಯಾಕೆ ಹೇಳಲಿಲ್ಲ? ಮನೆಯೊಳಗೆ ಹೋಗುವಾಗ ಚಪ್ಪಲಿ ಬಿಟ್ಟೆ ಎಂದು ಯಾರಾದರೂ ಪೊಲೀಸರಿಗೆ ಹೇಳುತ್ತಾರೆಯೇ? ಈ ಕಚೇರಿಯವರಿಗೆ ಅದು ಅಷ್ಟು ಸಹಜ.

ಮೇಲ್‌ನ ಮೊದಲ ಸಾಲನ್ನು ಮತ್ತೆ ಓದಿದೆ. "ಸಾರ್, ದೃಷ್ಟಿ ತೆಗೆಯೋಕೆ ಬೂದುಗುಂಬಳಕಾಯಿ ನಾವೇ ತರಬೇಕಂತೆ, ಪುರೋಹಿತರು ತರೋದಿಲ್ಲ." ಅದರ ಕೆಳಗೆ, "ಅದಕ್ಕಿಂತ ಮುಖ್ಯವಾದ ವಿಷಯ" ಎಂದು ಬ್ರೇಕಿನ ಕಥೆ.

ಇಷ್ಟು ದಿನ ನಾವೆಲ್ಲ ಆ ಮೊದಲ ಸಾಲನ್ನು ದಾಟಿಕೊಂಡೇ ಓದಿದ್ದೆವು.

"ಪೂಜೆಗೆ ಕುಂಬಳಕಾಯಿ ಯಾರು ತಂದಿದ್ದು?" ಎಂದು ಕೇಳಿದೆ. ಆದಷ್ಟು ಸಾಧಾರಣವಾಗಿ ಕೇಳಿದೆ.

"ನಾನೇ. ಆ ಮಂಗಳವಾರ ಸಂಜೆ ಮನೆಗೆ ಹೋಗ್ತಾ ಜಯನಗರ ಮಾರ್ಕೆಟ್‌ನಲ್ಲಿ ತಗೊಂಡೆ. ಸಾರೇ ಹೊರಗೆ ಬಂದು ಹೇಳಿದ್ರು, ಪುರೋಹಿತರು ತರಲ್ವಂತೆ, ನೀವೇ ತಂದ್ಬಿಡಿ ಅಂತ."

"ಎಷ್ಟು ಹೊತ್ತಿಗೆ ಹೇಳಿದ್ರು?"

"ನಾಲ್ಕು ಗಂಟೆ ಟೀ ಬಂದಿತ್ತು, ಆಗ," ಎಂದವರು ನನ್ನ ಮುಖ ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಕಾಗದ ನೋಡಿದರು. "ಮೇಡಂ, ನಾನೇನಾದ್ರೂ ಹೇಳಬಾರದ್ದು ಹೇಳಿದ್ನಾ?"

ಪಾಪ, ಸತ್ಯ ಹೇಳಿದಿರಿ ಎಂದು ಆಕೆಯ ಕೈ ಒತ್ತಿ ವರಾಂಡಕ್ಕೆ ಬಂದೆ. ಸಿದ್ದಾಪುರದ ಪುರೋಹಿತರು ಜಯಸಿಂಹಾಚಾರ್ ಅವರಿಗೆ ಫೋನ್ ಮಾಡಿದೆ. ಕುಂಬಳಕಾಯಿಯ ವಿಷಯವನ್ನು ಯಾರಿಗೆ ಹೇಳಿದ್ದಿರಿ ಎಂದು ವಿಚಾರಿಸಿದೆ. ಮಂಗಳವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಆ ಎಂಜಿನಿಯರ್ ಹುಡುಗಿ ಫೋನ್ ಮಾಡಿದ್ದಳು, ಅವಳಿಗೆ ಹೇಳಿದೆ, ಗುರುಬಸಪ್ಪನವರ ನಂಬರ್ ನನ್ನ ಹತ್ತಿರ ಇಲ್ಲವೇ ಇಲ್ಲ ಎಂದರು. ಹೇಳುತ್ತ ಹೇಳುತ್ತ ಆ ಹುಡುಗಿ ಹೇಗಿದ್ದಾಳೆ ಎಂದು ಕೇಳಿದರು. ಮತ್ತೆ ಮಾಡುತ್ತೇನೆ ಎಂದು ಫೋನ್ ಇಟ್ಟೆ.

ಒಳಗೆ ಬಂದು ಶಾಂತಾದೇವಿಯವರಿಗೆ ಹೇಳಿದೆ: "ಚೂಡಾಮಣಿ ಹೊಸದಾಗಿ ಬಂದಿಲ್ಲ ಅಂತ ಸಾರ್‌ಗೆ ಹೇಳಿ. ನೆನ್ನೆ ಫೋನಲ್ಲಿ ಅರ್ಧಕ್ಕೆ ಕಟ್ ಮಾಡಿದ್ರಲ್ಲ, ಆ ಮಾತು ಮುಂದುವರಿಸೋಕೆ ಬಂದಿದಾಳೆ."

ಗ್ರಾನೈಟ್ ವ್ಯಾಪಾರಿ ಹೊರಗೆ ಬಂದರು. ನನಗೆ ಬಾಗಿಲು ತೆರೆಯಿತು. ಹನ್ನೆರಡಾಗಲು ಇನ್ನೂ ಬೇಕಾದಷ್ಟು ಹೊತ್ತಿತ್ತು.

ಗುರುಬಸಪ್ಪ ಎದ್ದು ನಿಂತು ಕುರ್ಚಿ ತೋರಿಸಿದರು. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಅರವತ್ತು ದಾಟಿದ ದಣಿದ ಮುಖ. ಕೇಡಿಗನಂತೆ ಕಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಕಾಫಿ ತರಿಸಲಾ ಎಂದು ಕೇಳಿದರು. ಬೇಡವೆಂದೆ.

"ರಾಹುಕಾಲದಲ್ಲಿ ನನ್ನನ್ನ ಒಳಗೆ ಬಿಟ್ರಲ್ಲ ಸಾರ್."

"ಶುರುವಾಗಿದ್ದ ಮಾತು ತಾನೆ."

"ಇದೂ ಶುರುವಾಗಿದ್ದ ಮೇಲ್ ತಾನೆ," ಎಂದು ಕಾಗದವನ್ನು ಅವರ ಮುಂದಿಟ್ಟು ತಲೆಬರಹದ ಮೇಲೆ ಬೆರಳಿಟ್ಟೆ.

ಅವರು ಕನ್ನಡಕ ಹಾಕಿಕೊಂಡು ನೋಡಿದರು. ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಬುದ್ಧಿವಂತ ಮನುಷ್ಯ. ಹಳೆಯ ಮೇಲ್ ಆದ ಮಾತ್ರಕ್ಕೆ ತಾನೇ ತೆರೆದಂತಾಯಿತೇ, ಆ ಹುಡುಗಿಯೂ ಕೋಣೆಗೆ ಬಂದಿದ್ದಳಲ್ಲ ಎಂದರು. ಅವರ ದನಿ ಇನ್ನೂ ತಣ್ಣಗಿತ್ತು.

"ತೆರೆದದ್ದು ಬಿಡಿ. ಬೂದುಗುಂಬಳಕಾಯಿ ತರೋಕೆ ಶಾಂತಾದೇವಿಯವರಿಗೆ ಹೇಳಿದ್ದು ನೀವು. ಪುರೋಹಿತರು ತರಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಅವರ ಕಣ್ಣು ಕಾಗದದ ಮೊದಲ ಸಾಲಿಗೆ ಇಳಿಯಿತು.

"ಆಚಾರ್ರು ಅದನ್ನ ಹೇಳಿದ್ದು ಸಮನ್ವಿತಾಗೆ ಮಾತ್ರ. ಅವಳು ಅದನ್ನ ಬರೆದಿದ್ದು ಈ ಮೇಲ್‌ನಲ್ಲಿ ಮಾತ್ರ. ಇದರ ಮೊದಲನೇ ಸಾಲಲ್ಲಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮತ್ತೆ ಹಾಕಿಕೊಂಡರು. "ಮೊದಲನೇ ಸಾಲು ಮಾತ್ರ ನೋಡಿದೆ ಅಂತ ಇಟ್ಕೊಳ್ಳಿ. ಕುಂಬಳಕಾಯಿ ಅಂತ ಇತ್ತು, ಅಷ್ಟೇ ವಿಷಯ ಅನ್ಕೊಂಡೆ. ಕೆಳಗೆ ಓದಲಿಲ್ಲ."

"ಹಾಗೇ ಹೇಳಿ ಕೋರ್ಟಲ್ಲಿ. ಇಷ್ಟು ದಿನ ಮೇಲ್ ನೋಡೇ ಇಲ್ಲ ಅಂದೋರು, ಇವತ್ತು ಮೊದಲನೇ ಸಾಲು ನೋಡಿದೆ, ಎರಡನೇದು ನೋಡಲಿಲ್ಲ ಅಂತೀರ. ಸಂಜೀವಯ್ಯನವರ ಮಗಳು ಎದುರಿಗೇ ಕೂತಿರ್ತಾರೆ. ಅವರ ಮುಖ ನೋಡಿಕೊಂಡು ಹೇಳಿ."

ಹೊರಗೆ ಯಾರೋ ಪ್ರಿಂಟರ್ ಚಾಲೂ ಮಾಡಿದರು. ಗುರುಬಸಪ್ಪ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು ಕೂತರು. ಇವರು ಬಾಯಿಬಿಟ್ಟರೆ ಇವತ್ತು ಸಂಜೆಯೋ ನಾಳೆಯೋ ಆ ತಾಯಿ ಮನೆಗೆ ಬರುತ್ತಾಳೆ, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

"ಫೋನ್ ಆಫ್ ಮಾಡಿ ಇಲ್ಲಿಡಿ ಮೇಡಂ," ಎಂದರು. ಇಟ್ಟೆ.

"ಪೂರ್ತಿ ಓದಿದೆ."

ನನ್ನ ಕಣ್ಣು ತುಂಬಿ ಬಂತು. ಮುಚ್ಚಿಟ್ಟುಕೊಳ್ಳಲಿಲ್ಲ. ಆದರೆ ಅವರ ಮುಖದಲ್ಲಿ ಸೋಲು ಕಾಣಲಿಲ್ಲ. ಕಂಪ್ಯೂಟರಿನಲ್ಲಿ ಏನನ್ನೋ ಹುಡುಕಿ, ಪರದೆಯನ್ನು ನಿಧಾನವಾಗಿ ನನ್ನ ಕಡೆಗೆ ತಿರುಗಿಸಿದರು.

"ಓದಿ ಸುಮ್ಮನೆ ಕೂರಲಿಲ್ಲ. ಮುಂದಕ್ಕೆ ಕಳಿಸಿದೆ. ನೀವೂ ಪೂರ್ತಿ ಓದಿ."

ಸಮನ್ವಿತಾಳ ಅದೇ ಮೇಲ್. ಅದರ ಮೇಲೆ ಗುರುಬಸಪ್ಪ ಬರೆದದ್ದು ಇಷ್ಟೇ: "ಅಪಾರ್ಟ್‌ಮೆಂಟಿನವರು ಎಲ್ಲರನ್ನೂ ಕರೆದಿದ್ದಾರೆ. ಪೂಜೆ ಮುಗಿಯಲಿ, ಲಿಫ್ಟ್ ಓಡಲಿ. ಗುರುವಾರ ಬ್ರೇಕ್ ಬದಲಾಯಿಸು. ಅವಳಿಗೆ ನೀನೇ ಸಮಾಧಾನ ಹೇಳು."

ಅದಕ್ಕೆ ಬಂದ ಉತ್ತರವೂ ಅಲ್ಲೇ ಇತ್ತು.

"ಆಯ್ತು ಸಾರ್. ಲಿಫ್ಟ್ ಆಫ್ ಮಾಡಿಸಿದೀನಿ ಅಂತ ಅವಳಿಗೆ ಹೇಳಿದೀನಿ. ಚಿರಂತ್."

ಎರಡು ಸಲ ಓದಿದೆ. ಮೂರನೆಯ ಸಲ ಅಕ್ಷರ ಕಾಣಲಿಲ್ಲ.

ಆಫ್ ಆಗಿದೆ ಎಂದು ಯಾರು ಹೇಳಿದರು ಎಂದಾಗ ಅವಳು ತಲೆ ತಗ್ಗಿಸಿದ್ದು ನೆನಪಾಯಿತು. ಅವಳಿಗೆ ಗೊತ್ತಿತ್ತು. ಪೂರ್ತಿ ಅಲ್ಲದಿದ್ದರೂ ಗೊತ್ತಿತ್ತು. ಸಾರ್ ನೂರಕ್ಕೆ ನೂರು ಓದಿದ್ದಾರೆ ಎಂದು ಅವನು ಅಷ್ಟು ಗಟ್ಟಿಯಾಗಿ ಹೇಳಿದ್ದೂ ನೆನಪಾಯಿತು. ಹೇಗೆ ಗೊತ್ತು ಎಂದು ನಾನು, ಈ ಮಹಾ ತಪಾಸಣಾಧಿಕಾರಿ, ಒಂದು ಸಲವೂ ಕೇಳಿರಲಿಲ್ಲ.

ಗುರುಬಸಪ್ಪ ಪರದೆಯನ್ನು ಮತ್ತೆ ತಮ್ಮ ಕಡೆಗೆ ತಿರುಗಿಸಿಕೊಂಡರು.

"ನಾನು ಓದಿದೀನಿ ಅಂದ್ರೆ ಪೊಲೀಸರು ಈ ಕಂಪ್ಯೂಟರ್ ಹೊತ್ಕೊಂಡು ಹೋಗ್ತಾರೆ. ಇದೂ ಹೊರಗೆ ಬರುತ್ತೆ. ನಾನು ಒಳಗೆ ಹೋಗ್ತೀನಿ, ಅವನೂ ಬರ್ತಾನೆ. ಆ ಹುಡುಗಿ ಮನೆಗೆ ಬರ್ತಾಳೆ, ಸರಿ. ಯಾರಿರೋ ಮನೆಗೆ ಬರ್ತಾಳೆ ಮೇಡಂ?"

ಬೆದರಿಕೆಯೋ ಬೇಡಿಕೆಯೋ ಹೇಳಲಾಗದ ದನಿ ಅದು. ಅವರೇ ಕುಂಬಳಕಾಯಿ ತರಲು ಹೇಳಿದ್ದು ನನಗೂ ಶಾಂತಾದೇವಿಯವರಿಗೂ ಬಿಟ್ಟು ಹೊರಗೆ ಯಾರಿಗೂ ತಿಳಿದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಫೋನ್ ತೆಗೆದುಕೊಂಡು ಎದ್ದೆ.

ಮೆಟ್ಟಿಲಿಳಿಯುವಾಗ ಫೋನ್ ಆನ್ ಮಾಡಿದ ಕೂಡಲೇ ಸುರಭಿಯ ಕರೆ ಬಂತು. ಏನಾದರೂ ಸಿಕ್ಕಿತೇ, ಇಲ್ಲದಿದ್ದರೆ ಇವತ್ತು ಜಾಮೀನು ಕಷ್ಟ, ಮುಂದಿನ ತಾರೀಖು ಎಷ್ಟು ದೂರ ಹೋಗುತ್ತದೋ ಗೊತ್ತಿಲ್ಲ ಎಂದಳು. ಬರುತ್ತಿದ್ದೇನೆ ಎಂದೆ. ಸಿಕ್ಕಿದೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

ರಸ್ತೆ ದಾಟಿದೆ. ಚಿರಂತ್ ನನ್ನನ್ನು ನೋಡಿ ಎರಡು ಹೆಜ್ಜೆ ಮುಂದೆ ಬಂದ. ಮಗು ಅವನ ಅಂಗಿಯ ಗುಂಡಿಯನ್ನು ಬಾಯಿಗಿಟ್ಟುಕೊಂಡು ಎಚ್ಚರವಾಗಿತ್ತು.

"ಓದಿದ್ರಾ ಮೇಡಂ?"

"ಓದಿದ್ರು. ಪೂರ್ತಿ."

ಅವನ ಮುಖದಲ್ಲಿ ಸಂತೋಷ ಹುಡುಕಿದೆ. ಕಾಣಲಿಲ್ಲ. ಎಷ್ಟೋ ದಿನದಿಂದ ಹೊತ್ತದ್ದನ್ನು ಇಳಿಸುವವನ ಹಾಗೆ ಉಸಿರು ಬಿಟ್ಟ.

"ಆಮೇಲಿಂದೂ ತೋರಿಸಿದ್ರಾ?"

ನಾನು ತಲೆಯಾಡಿಸಿದೆ.

"ಒಂದು ದಿನ ತಾನೆ ಅನ್ಕೊಂಡೆ ಮೇಡಂ. ಆ ಗುರುವಾರ ಬೆಳಿಗ್ಗೆ ಬ್ರೇಕ್ ತಗೊಂಡು ಸೈಟಿಗೇ ಹೊರಟಿದ್ದೆ. ದಾರೀಲಿ ಫೋನ್ ಬಂತು," ಎಂದ. ಮಗುವಿನ ಬಾಯಿಂದ ಗುಂಡಿ ಬಿಡಿಸಿದ. ಅವನ ಕೆನ್ನೆಗೆ ಹೊಡೆಯಬೇಕೆನ್ನಿಸಿತು, ತಬ್ಬಿಕೊಳ್ಳಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ.

"ಎಲ್ಲಾ ಗೊತ್ತಿದ್ದೂ ನನ್ನನ್ನ ಯಾಕಪ್ಪಾ ಕರೆದೆ?"

"ನನ್ನ ಬಾಯಲ್ಲಿ ಹೇಳೋಕಾಗಲಿಲ್ಲ."

ಬೆನ್ನ ಹಿಂದೆ ಕೈ ಹಾಕಿ ಪಟ್ಟಿ ಬಿಚ್ಚಿದ. ಮಗುವನ್ನು ಎತ್ತಿ ನನ್ನ ಕೈಗೆ ಕೊಟ್ಟ. ಹಾಲಿನ ಬಾಟಲಿಯ ಚೀಲವನ್ನು ನನ್ನ ಹೆಗಲಿಗೆ ಹಾಕಿದ. ಎಲ್ಲಿಗೆ ಎಂದು ನಾನು ಕೇಳುವಷ್ಟರಲ್ಲಿ ಸ್ಕೂಟರ್ ಹೊರಟಾಗಿತ್ತು.

ಮುಂದಿನ ಸಿಗ್ನಲ್ಲಿನಲ್ಲಿ ಎಡಕ್ಕೆ ತಿರುಗಿದರೆ ಪೊಲೀಸ್ ಠಾಣೆ. ಬಲಕ್ಕೆ ತಿರುಗಿದರೆ ಕನಕಪುರ ರಸ್ತೆ, ಊರಾಚೆಗೆ. ಹಸಿರು ದೀಪ ಬಿತ್ತು. ಅವನಿಗೂ ನನಗೂ ನಡುವೆ ಒಂದು ಬಸ್ಸು ಅಡ್ಡ ಬಂದು ನಿಂತಿತು.

ಬಸ್ಸು ಸರಿದಾಗ ಎರಡು ರಸ್ತೆಯಲ್ಲೂ ಅವನ ಸ್ಕೂಟರ್ ಇರಲಿಲ್ಲ. ಮಗು ನನ್ನ ಮುಖವನ್ನು ನೋಡಿತು, ಆಮೇಲೆ ಅವನು ಹೋದ ದಿಕ್ಕನ್ನು ನೋಡಿ ಅಳಲು ಶುರುಮಾಡಿತು.